ಪಥ್ಯದ ಮೊದಲ ವಾರದಲ್ಲಿ ಇಳಿಯುವುದು ನೀರೋ, ಕೊಬ್ಬೋ? ಪದೇ ಪದೇ ಕೇಳುವ ಪ್ರಶ್ನೆಗಳು

ತೂಕ ಇಳಿಸಲು ಹೊರಟವರು ಮೊದಲ ವಾರದಲ್ಲಿ ಎರಡು ಮೂರು ಕೆಜಿ ಕಡಿಮೆಯಾಯಿತೆಂದು ಹಿಗ್ಗುವುದನ್ನೂ, ಮೂರನೆಯ ವಾರ ತೂಕ ಅಲ್ಲಾಡದೆ ನಿಂತಾಗ ಕೈಚೆಲ್ಲುವುದನ್ನೂ ನಾನು ಮನೆಯಲ್ಲೂ ನೆರೆಹೊರೆಯಲ್ಲೂ ಬಹಳ ಸಲ ಕಂಡಿದ್ದೇನೆ. ಹಾಗೆ ಕೈಚೆಲ್ಲಿದವರಲ್ಲಿ ಅನೇಕರ ಕೊಬ್ಬು ಅದೇ ವಾರ ನಿಜವಾಗಿ ಕರಗುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡಿದೆ. ಆ ಕಾರಣಕ್ಕೆ ಇಲ್ಲಿನ ಉತ್ತರಗಳನ್ನು ಆದಷ್ಟು ಲೆಕ್ಕದ ಸಮೇತ ಬರೆದಿದ್ದೇನೆ.

ರಾತ್ರಿಯ ಅನ್ನ, ಸಕ್ಕರೆ, ಕುರುಕಲು ಬಿಟ್ಟ ಮೊದಲ ವಾರದಲ್ಲೇ ಮೂರು ಕೆಜಿ ಇಳಿಯಿತು. ಅಷ್ಟೂ ಕೊಬ್ಬೇ?

ಅಲ್ಲ, ಮತ್ತು ಹಾಗಾಗಲು ಸಾಧ್ಯವೂ ಇಲ್ಲ. ದೇಹದಲ್ಲಿ ಶೇಖರವಾದ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಇರುತ್ತದೆ. ಮೂರು ಕೆಜಿ ಕೊಬ್ಬು ಏಳು ದಿನಗಳಲ್ಲಿ ಕರಗಬೇಕಾದರೆ 23,100 ಕ್ಯಾಲೊರಿಯ ಕೊರತೆ ಆಗಬೇಕು. ಅಂದರೆ ದಿನಕ್ಕೆ 3,300. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದ ಪ್ರಕಾರ, ಕುಳಿತು ಕೆಲಸ ಮಾಡುವ 55 ಕೆಜಿ ತೂಕದ ಮಹಿಳೆಗೆ ಇಡೀ ದಿನಕ್ಕೆ ಬೇಕಾಗುವುದೇ 1,660 ಕ್ಯಾಲೊರಿ. ತೂಕ ಹೆಚ್ಚಿದ್ದವರಿಗೆ ಇನ್ನಷ್ಟು ಬೇಕಾಗಬಹುದಾದರೂ, ಅಂಥವರು ಏಳು ದಿನ ತುತ್ತನ್ನೂ ಮುಟ್ಟದೆ ಕುಳಿತರೂ ಈ ಮೂರು ಕೆಜಿಯ ಲೆಕ್ಕ ಕೂಡಿಬರುವುದಿಲ್ಲ.

ದಿನಕ್ಕೆ 600 ಕ್ಯಾಲೊರಿ ಕಡಿಮೆ ಮಾಡುವುದು ಸಾಕಷ್ಟು ಗಟ್ಟಿಯಾದ ಪಥ್ಯವೇ ಸರಿ. ಅದನ್ನು ಒಂದು ದಿನವೂ ತಪ್ಪದೆ ಪಾಲಿಸಿದರೆ ವಾರಕ್ಕೆ 4,200 ಕ್ಯಾಲೊರಿ, ಅಂದರೆ ಅರ್ಧ ಕೆಜಿಗಿಂತ ತುಸು ಹೆಚ್ಚು ಕೊಬ್ಬು ಕರಗುತ್ತದೆ. ನಿಮ್ಮ ಮೂರು ಕೆಜಿಯಲ್ಲಿ ಉಳಿದ ಎರಡೂವರೆ ಕೆಜಿಯ ಬಹುಪಾಲು ನೀರು. ಅದರ ಜೊತೆಗೆ ಸ್ವಲ್ಪ ಗ್ಲೈಕೊಜೆನ್ (ದೇಹ ಕೂಡಿಟ್ಟ ಗ್ಲೂಕೋಸ್), ಸ್ವಲ್ಪ ಕರುಳಿನಲ್ಲಿದ್ದ ಆಹಾರದ ಶೇಷ. ಇದನ್ನು ಕೇಳಿ ಬೇಸರಪಡಬೇಡಿ. ವಾರಕ್ಕೆ ಅರ್ಧ ಕೆಜಿ ಕೊಬ್ಬು ಕರಗುವುದೆಂದರೆ ಒಳ್ಳೆಯ ವೇಗವೇ.

ಅಷ್ಟೊಂದು ನೀರು ಇಷ್ಟು ದಿನ ದೇಹದಲ್ಲಿ ಎಲ್ಲಿತ್ತು?

ಅನ್ನ, ಮುದ್ದೆ, ಚಪಾತಿಗಳಲ್ಲಿರುವ ಪಿಷ್ಟ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ತಕ್ಷಣಕ್ಕೆ ಬೇಡವಾದ ಗ್ಲೂಕೋಸನ್ನು ದೇಹವು ಗ್ಲೈಕೊಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ; ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲೆಲ್ಲ ಸೇರಿ ಸುಮಾರು 400 ಗ್ರಾಂ. ನಾವು ಅಕ್ಕಿಯನ್ನು ಒಣಗಿಸಿ ಡಬ್ಬಕ್ಕೆ ತುಂಬುವಂತೆ ದೇಹ ಇದನ್ನು ಒಣದಾಗಿ ಇಡಲಾರದು. ನೆನೆಹಾಕಿದ ಅಕ್ಕಿಯ ಹಾಗೆ ಪ್ರತಿ ಗ್ರಾಂ ಗ್ಲೈಕೊಜೆನ್ನೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡೇ ಇರುತ್ತದೆ. ಊಟ ಕಡಿಮೆಯಾದಾಗ ದೇಹ ಮೊದಲು ಕೈಹಾಕುವುದು ಈ ಸುಲಭದ ದಾಸ್ತಾನಿಗೆ. ಅದರಲ್ಲಿ 400 ಗ್ರಾಂ ಖರ್ಚಾದರೆ ಅದು ಹಿಡಿದಿದ್ದ ಸುಮಾರು 1,200 ಗ್ರಾಂ ನೀರೂ ಬಿಡುಗಡೆಯಾಗಿ, ತೂಕದಲ್ಲಿ ಒಂದೂವರೆ ಕೆಜಿಯಷ್ಟು ಇಳಿಯುತ್ತದೆ. ಇದಕ್ಕೆ ನಾಲ್ಕೈದು ದಿನ ಸಾಕು.

ಇನ್ನೊಂದು ಪಾಲು ಉಪ್ಪಿನ ಲೆಕ್ಕದ್ದು. ಪಿಷ್ಟ ಮತ್ತು ಸಕ್ಕರೆ ಹೆಚ್ಚಾಗಿ ತಿನ್ನುವಾಗ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುತ್ತದೆ. ಇನ್ಸುಲಿನ್ ಮಾಡುವ ಹಲವು ಕೆಲಸಗಳಲ್ಲಿ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಹೊರಹಾಕದಂತೆ ಮೂತ್ರಪಿಂಡಗಳನ್ನು ತಡೆಯುವುದೂ ಒಂದು. ಪಥ್ಯದಿಂದ ಇನ್ಸುಲಿನ್ ತಗ್ಗಿದಾಗ ಆ ತಡೆ ಸಡಿಲವಾಗಿ ಸೋಡಿಯಂ ಮೂತ್ರದಲ್ಲಿ ಹೊರಹೋಗುತ್ತದೆ, ನೀರು ಅದರ ಬೆನ್ನಹಿಂದೆಯೇ ಹೋಗುತ್ತದೆ. ಮೊದಲ ಮೂರು ನಾಲ್ಕು ದಿನ ರಾತ್ರಿ ಎರಡೆರಡು ಸಲ ಏಳಬೇಕಾಯಿತು ಎಂದು ಹಲವರು ಹೇಳುವುದು ಇದನ್ನೇ. ಪಥ್ಯ ಹಿಡಿದವರು ಸಾಮಾನ್ಯವಾಗಿ ಹಪ್ಪಳ, ಉಪ್ಪಿನಕಾಯಿ, ಚೌಚೌ, ಬೇಕರಿ ತಿಂಡಿಗಳನ್ನೂ ಬಿಟ್ಟಿರುವುದರಿಂದ ಒಳಗೆ ಬರುವ ಉಪ್ಪೂ ಕಡಿಮೆಯಾಗಿರುತ್ತದೆ.

ಇದರ ಜೊತೆಗೆ ಕರುಳಿನ ಸರಕೂ ಇದೆ. ತಿಂದದ್ದು ಪೂರ್ತಿ ಹೊರಹೋಗಲು ಒಂದರಿಂದ ಮೂರು ದಿನ ಬೇಕಾಗುವುದರಿಂದ, ತಟ್ಟೆ ಚಿಕ್ಕದಾದರೆ ಒಳಗೆ ಉಳಿಯುವ ಸರಕೂ ಚಿಕ್ಕದಾಗುತ್ತದೆ.

ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಬಿಟ್ಟವರ ತೂಕ ಎಣ್ಣೆ ಬಿಟ್ಟವರಿಗಿಂತ ಬೇಗ ಇಳಿಯುತ್ತದಲ್ಲ? ಹಾಗಾದರೆ ಅದೇ ಒಳ್ಳೆಯ ಪಥ್ಯವಲ್ಲವೇ?

ಮೊದಲ ವಾರದಲ್ಲಿ ತೂಕ ಬೇಗ ಇಳಿಯುವುದು ನಿಜ. ಕೊಬ್ಬೂ ಬೇಗ ಇಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದನ್ನು ಬಹಳ ಎಚ್ಚರಿಕೆಯಿಂದ ಅಳೆದು ನೋಡಿದವರಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೊಜ್ಜಿನ ತೊಂದರೆಯಿದ್ದ 19 ಮಂದಿಯನ್ನು ಸಂಸ್ಥೆಯ ವಾರ್ಡಿನಲ್ಲೇ ಇರಿಸಿಕೊಂಡು, ಪ್ರತಿ ತುತ್ತನ್ನೂ ತೂಗಿ ಬಡಿಸಿದರು. ಒಂದು ಸರದಿಯಲ್ಲಿ ಅವರ ಕ್ಯಾಲೊರಿಯನ್ನು ಶೇ. 30ರಷ್ಟು ಕಡಿಮೆ ಮಾಡಿದ್ದು ಕಾರ್ಬೋಹೈಡ್ರೇಟ್ ಕಡಿತದಿಂದ ಮಾತ್ರ. ಇನ್ನೊಂದು ಸರದಿಯಲ್ಲಿ ಅಷ್ಟನ್ನೇ ಆಹಾರದ ಕೊಬ್ಬಿನ ಕಡಿತದಿಂದ ಮಾತ್ರ. ಒಂದೊಂದು ಸರದಿಯ ಕಡಿತವೂ ಆರು ದಿನದ್ದು. ತೂಕದ ಯಂತ್ರದ ಮೇಲೆ ಹೆಚ್ಚು ಇಳಿಕೆ ಕಂಡದ್ದು ಕಾರ್ಬೋಹೈಡ್ರೇಟ್ ಕಡಿತದಲ್ಲಿ. ಆದರೆ ದೇಹದ ಕೊಬ್ಬು ಕರಗಿದ ಪ್ರಮಾಣ ಆ ಸರದಿಯಲ್ಲಿ ದಿನಕ್ಕೆ ಸುಮಾರು 53 ಗ್ರಾಂ, ಆಹಾರದ ಕೊಬ್ಬು ಕಡಿಮೆ ಮಾಡಿದ ಸರದಿಯಲ್ಲಿ ಸುಮಾರು 89 ಗ್ರಾಂ. ಯಂತ್ರ ಒಂದು ದಿಕ್ಕಿಗೆ ಬೊಟ್ಟುಮಾಡಿತು, ಕೊಬ್ಬು ಇನ್ನೊಂದು ದಿಕ್ಕಿಗೆ ಹೋಗಿತ್ತು. ನೀರಿನ ತೂಕ ನಮ್ಮ ತೀರ್ಮಾನವನ್ನು ಎಷ್ಟು ಸುಲಭವಾಗಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಇಷ್ಟರಿಂದ ಎಣ್ಣೆ ಬಿಡುವುದೇ ಮೇಲು ಎಂದೂ ಹೇಳಲಾಗದು, ಏಕೆಂದರೆ ಆರು ದಿನ ಬಹಳ ಚಿಕ್ಕ ಅವಧಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಮಂದಿಯನ್ನು ಒಂದು ವರ್ಷ ಅನುಸರಿಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆಜಿ, ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರು 6.0 ಕೆಜಿ ಇಳಿದಿದ್ದರು. ಎರಡರ ನಡುವೆ ಗಣನೀಯ ವ್ಯತ್ಯಾಸವೇನೂ ಇರಲಿಲ್ಲ. ಒಂದು ವರ್ಷ ಬಿಡದೆ ನಡೆಸಬಲ್ಲ ಪಥ್ಯವೇ ನಿಮಗೆ ಒಳ್ಳೆಯ ಪಥ್ಯ ಎಂದು ನಾನು ಹೇಳುತ್ತೇನೆ. ರಾಗಿ ಮುದ್ದೆ ಉಂಡು ಬೆಳೆದ ಮನೆಯಲ್ಲಿ ಮುದ್ದೆಯನ್ನು ಪೂರ್ತಿ ಓಡಿಸುವ ಪಥ್ಯ ಎಷ್ಟು ದಿನ ನಡೆದೀತು ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ಎರಡನೆಯ ವಾರ ಅರ್ಧ ಕೆಜಿ ಇಳಿಯಿತು, ಮೂರನೆಯ ವಾರ ಸ್ವಲ್ಪ ಏರಿಯೇ ಬಿಟ್ಟಿತು. ಪಥ್ಯ ಕೆಲಸ ಮಾಡುವುದನ್ನು ನಿಲ್ಲಿಸಿತೇ?

ಅತಿ ಹೆಚ್ಚು ಜನ ಸೋಲುವುದು ಇಲ್ಲೇ ಆದ್ದರಿಂದ ಇದನ್ನು ಕೊಂಚ ವಿವರವಾಗಿ ಹೇಳುತ್ತೇನೆ. ನನ್ನ ಅಕ್ಕನಿಗೆ ಆಗ 44 ವರ್ಷ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಬಾಲ್ ಪೆನ್ನಿನಿಂದ ತೂಕ ಬರೆದಿಡುತ್ತಿದ್ದಳು. ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕಿಳಿಸಿ, ರಾತ್ರಿ ಅನ್ನದ ಬದಲು ಪಲ್ಯ, ಮೊಳಕೆ ಹೆಸರುಕಾಳಿನ ಉಸಲಿ, ಮೊಸರು ಇಟ್ಟುಕೊಂಡು, ಸಂಜೆಯ ಬಜ್ಜಿ ಮತ್ತು ಬಿಸ್ಕತ್ತನ್ನು ಬಿಟ್ಟಿದ್ದಳು. ದಿನಕ್ಕೆ ಸುಮಾರು 450 ಕ್ಯಾಲೊರಿಯ ಕೊರತೆ ಎಂದು ಇಟ್ಟುಕೊಳ್ಳೋಣ. ಮೊದಲ ದಿನದ ತೂಕ 78.4. ಏಳನೆಯ ದಿನ 75.9. ಹದಿನಾಲ್ಕನೆಯ ದಿನ 75.4. ಇಪ್ಪತ್ತೊಂದನೆಯ ದಿನ 75.6. ಆ ಕೊನೆಯ ಅಂಕಿಯ ಕೆಳಗೆ ಅವಳು ಎರಡು ಗೆರೆ ಎಳೆದು, ಅಂದು ರಾತ್ರಿ ಎಂದಿನಂತೆ ಅನ್ನ ಬಡಿಸಿಕೊಳ್ಳಲು ಕುಳಿತಿದ್ದಳು.

ಆ ಅಂಕಿಗಳನ್ನು ಕೊಬ್ಬು, ನೀರು ಎಂದು ಬಿಡಿಸಿ ಬರೆದಾಗ ಚಿತ್ರವೇ ಬೇರೆಯಾಗುತ್ತದೆ. ಏಳು ದಿನಕ್ಕೆ 450ರಂತೆ 3,150 ಕ್ಯಾಲೊರಿ, ಅಂದರೆ 400 ಗ್ರಾಂ ಕೊಬ್ಬು. ಹಾಗಾದರೆ ಮೊದಲ ವಾರದ ಎರಡೂವರೆ ಕೆಜಿಯಲ್ಲಿ ಕೊಬ್ಬು 400 ಗ್ರಾಂ, ನೀರು ಮತ್ತಿತರ ಭಾಗ 2.1 ಕೆಜಿ. ಎರಡನೆಯ ವಾರ ಮತ್ತೆ 400 ಗ್ರಾಂ ಕೊಬ್ಬು ಹೋಗಿದೆ, ನೀರು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಮೂರನೆಯ ವಾರವೂ ಅಷ್ಟೇ ಕೊಬ್ಬು ಹೋಗಿದೆ. ಆದರೆ ಮುಟ್ಟಿನ ದಿನ ಹತ್ತಿರವಿದ್ದುದರಿಂದ 600 ಗ್ರಾಂ ನೀರು ಮರಳಿ ಬಂದು ಆ ಇಳಿಕೆಯನ್ನು ಪೂರ್ತಿ ಮುಚ್ಚಿಬಿಟ್ಟಿದೆ. ಅವಳ ಲಂಗದ ಲಾಡಿ ಮಾತ್ರ ಸತ್ಯ ಹೇಳುತ್ತಿತ್ತು. ಗಂಟು ಎರಡು ಬೆರಳಷ್ಟು ಒಳಗೆ ಸರಿದಿತ್ತು. ಇನ್ನು ನಾಲ್ಕು ದಿನ ಹೀಗೇ ನಡೆಸು, ಆಮೇಲೆ ಬೇಕಾದರೆ ಬಿಡು ಎಂದು ಕೇಳಿಕೊಂಡೆ. ಇಪ್ಪತ್ತೈದನೆಯ ದಿನ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ 74.6 ಎಂದಿತ್ತು.

ಮೊದಲ ವಾರದ ಇಳಿಕೆಯನ್ನೇ ಅಳತೆಗೋಲಾಗಿ ಹಿಡಿದದ್ದು ಅವಳ ಏಕೈಕ ತಪ್ಪು. ಮೊದಲ ವಾರದಲ್ಲೂ ಮೂರನೆಯ ವಾರದಲ್ಲೂ ಅವಳ ಪಥ್ಯ ಒಂದೇ ವೇಗದಲ್ಲಿ ಕೆಲಸ ಮಾಡುತ್ತಿತ್ತು. ನಾಲ್ಕು ವಾರ ತುಂಬುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ. ನಾಲ್ಕರಿಂದ ಆರು ವಾರದ ಸರಾಸರಿಯೂ ಇಳಿಯದೆ, ಸೊಂಟದ ಅಳತೆಯೂ ಕದಲದೆ ಇದ್ದರೆ ಮಾತ್ರ ಪಥ್ಯದಲ್ಲಿ ಎಲ್ಲಿಯೋ ಸೋರಿಕೆ ಇದೆಯೆಂದು ಹುಡುಕಬೇಕು. ಆಗ ನೋಡಬೇಕಾದದ್ದು ಒಗ್ಗರಣೆಯ ಎಣ್ಣೆ, ದಿನಕ್ಕೆ ನಾಲ್ಕೈದು ಸಲದ ಕಾಫಿ ಚಹಾದ ಸಕ್ಕರೆ, ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಂಡ ತೆಂಗಿನಕಾಯಿ ಚೂರು ಮತ್ತು ಕಡಲೆಬೀಜ.

ದಿನಗಟ್ಟಲೆ ನಿಂತಿದ್ದ ತೂಕ ಒಂದೇ ರಾತ್ರಿಯಲ್ಲಿ ಒಂದು ಕೆಜಿ ಇಳಿಯುವುದು ಹೇಗೆ?

ಹಿಡಿದಿಟ್ಟಿದ್ದ ನೀರನ್ನು ದೇಹ ಒಮ್ಮೆಗೇ ಬಿಟ್ಟಾಗ ಹೀಗಾಗುತ್ತದೆ. ಖಾಲಿಯಾದ ಕೊಬ್ಬಿನ ಕೋಶಗಳಲ್ಲಿ ನೀರು ತುಂಬಿಕೊಂಡಿದ್ದು ಆಮೇಲೆ ಒಡೆದು ಹೊರಬರುತ್ತದೆ ಎಂಬ ವಿವರಣೆ ಬಹಳ ಓಡಾಡುತ್ತಿದೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆದರೆ ಕಡಿಮೆ ಆಹಾರದ ದೇಹ ನೀರು ಹಿಡಿಯಬಲ್ಲದು ಎಂಬುದು ಹಳೆಯ ಅರಿವು. ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ, 1944–45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅವರು ಯುದ್ಧದಲ್ಲಿ ಭಾಗವಹಿಸಲು ಒಪ್ಪದ 36 ಯುವಕರನ್ನು, ಅವರ ಸಮ್ಮತಿಯಿಂದಲೇ, 24 ವಾರ ಅರೆಹೊಟ್ಟೆಯಲ್ಲಿರಿಸಿ ಅಧ್ಯಯನ ನಡೆಸಿದರು. ಆ ಯುವಕರು ತಮ್ಮ ತೂಕದ ಸುಮಾರು ಕಾಲು ಭಾಗ ಕಳೆದುಕೊಂಡರು. ಮೈಯೆಲ್ಲ ಒಣಗಿದ್ದರೂ ಅವರಲ್ಲಿ ಹಲವರ ಕಾಲು, ಮುಖ ಊದಿಕೊಂಡಿದ್ದವು. ನಮ್ಮ ಮನೆಯ ಪಥ್ಯ ಅಷ್ಟು ಕಠಿಣವಲ್ಲ, ಆಗಲೂಬಾರದು. ಆದರೂ ಕೊಬ್ಬು ಇಳಿಯುತ್ತಿರುವಾಗಲೇ ನೀರು ಏರಬಲ್ಲದು ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತಿತ್ತು.

ಒಂದು ಮದುವೆ ಊಟ ಮಾಡಿ ಬಂದೆ, ಮರುದಿನ ಎರಡು ಕೆಜಿ ಜಾಸ್ತಿ. ತಿಂಗಳ ಶ್ರಮ ಒಂದೇ ಊಟಕ್ಕೆ ಹೋಯಿತೇ?

ಹೋಗಲಿಲ್ಲ. ಎರಡು ಕೆಜಿ ಕೊಬ್ಬು ಸೇರಬೇಕಾದರೆ ಆ ದಿನದ ಅಗತ್ಯಕ್ಕಿಂತ 15,000 ಕ್ಯಾಲೊರಿಗೂ ಮೇಲೆ ತಿಂದಿರಬೇಕು. ಬಾಳೆಲೆಯ ಮೇಲೆ ಎರಡು ಹೋಳಿಗೆಗೆ ತುಪ್ಪ, ಚಿತ್ರಾನ್ನ, ಅನ್ನ ಸಾರು, ಬೋಂಡ, ಹಪ್ಪಳ, ಉಪ್ಪಿನಕಾಯಿ, ಪಾಯಸ ಎಲ್ಲವನ್ನೂ ಹೊಟ್ಟೆ ಬಿರಿಯುವಂತೆ ಉಂಡರೂ ಆ ಅಂಕಿಯ ಹತ್ತಿರ ಹೋಗಲು ಯಾರಿಂದಲೂ ಆಗದು. ನಿಜವಾಗಿ ನಡೆದದ್ದೇನೆಂದರೆ, ಖಾಲಿಯಾಗಿದ್ದ ಗ್ಲೈಕೊಜೆನ್ ಉಗ್ರಾಣ ತುಂಬಿಕೊಂಡಿತು. 250 ಗ್ರಾಂ ಗ್ಲೈಕೊಜೆನ್ ತನ್ನ ಪಾಲಿನ ನೀರಿನೊಂದಿಗೆ ಸೇರಿ ಒಂದು ಕೆಜಿ ಆಗುತ್ತದೆ. ದೇಹದಲ್ಲಿ ಕೋಶಗಳ ಹೊರಗಿರುವ ದ್ರವಗಳಲ್ಲಿ ಉಪ್ಪಿನ ಸಾಂದ್ರತೆ ಲೀಟರಿಗೆ ಸುಮಾರು 9 ಗ್ರಾಂ ಮಟ್ಟದಲ್ಲೇ ಉಳಿಯಬೇಕಾದ್ದರಿಂದ, ಎಂದಿಗಿಂತ ಐದು ಗ್ರಾಂ ಉಪ್ಪು ಹೆಚ್ಚಾಗಿ ಒಳಗೆ ಹೋದರೆ ಅದನ್ನು ಹೊರಹಾಕುವವರೆಗೆ ಅರ್ಧ ಲೀಟರಿಗೂ ಮಿಕ್ಕಿ ನೀರು ಉಳಿದುಕೊಳ್ಳುತ್ತದೆ. ಉಳಿದದ್ದು ಇನ್ನೂ ಕರುಳಿನಲ್ಲಿರುವ ಊಟದ್ದೇ ಭಾರ. ಬೆಳಿಗ್ಗೆ ಬೆರಳಿನ ಉಂಗುರ ಬಿಗಿಯಾಗಿರುವುದು, ಕಾಲುಚೀಲದ ಗುರುತು ಕಣಕಾಲಿನ ಮೇಲೆ ಆಳವಾಗಿ ಬಿದ್ದಿರುವುದು ಈ ನೀರಿನದೇ ಲಕ್ಷಣ.

ಮರುದಿನ ಉಪವಾಸ ಕೂರುವ ಅಗತ್ಯವಿಲ್ಲ. ಎಂದಿನ ಪಥ್ಯಕ್ಕೆ ಮರಳಿದರೆ ಮೂರು ನಾಲ್ಕು ದಿನದಲ್ಲಿ ಬಂದ ನೀರು ಬಂದ ದಾರಿಯಲ್ಲೇ ಹೋಗುತ್ತದೆ. ಮದುವೆ ಊಟದಿಂದ ಕೊಬ್ಬಾಗಿ ಉಳಿಯುವುದು ನೂರು, ಇನ್ನೂರು ಗ್ರಾಂ ಇದ್ದೀತು.

ಮುಟ್ಟಿನ ಮುಂಚಿನ ದಿನಗಳಲ್ಲಿ ತೂಕ ಏರುವುದು ಸಹಜವೇ?

ಸಹಜ. ಹಾರ್ಮೋನುಗಳ ಏರಿಳಿತದಿಂದ ಆ ದಿನಗಳಲ್ಲಿ ಅನೇಕ ಮಹಿಳೆಯರ ದೇಹ ಅರ್ಧದಿಂದ ಎರಡು ಕೆಜಿವರೆಗೆ ನೀರು ಹಿಡಿಯುತ್ತದೆ, ಜೊತೆಗೆ ಹೊಟ್ಟೆಯುಬ್ಬರವೂ ಇರುತ್ತದೆ. ಮುಟ್ಟು ಶುರುವಾದ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆದ್ದರಿಂದ ಮಹಿಳೆಯರು ಈ ವಾರದ ತೂಕವನ್ನು ಕಳೆದ ವಾರದ್ದಕ್ಕೆ ಹೋಲಿಸುವ ಬದಲು, ಈ ತಿಂಗಳ ಮುಟ್ಟಿನ ಐದನೆಯ ದಿನದ ತೂಕವನ್ನು ಹಿಂದಿನ ತಿಂಗಳ ಅದೇ ದಿನದ ತೂಕಕ್ಕೆ ಹೋಲಿಸಬೇಕು. ಮನೆಯ ಗಂಡಸರ ತೂಕ ನೇರವಾಗಿ ಇಳಿಯುವುದನ್ನು ನೋಡಿ ಅನೇಕ ಹೆಣ್ಣುಮಕ್ಕಳು ತಮ್ಮಲ್ಲೇ ಏನೋ ದೋಷವಿದೆಯೆಂದು ಕೊರಗುತ್ತಾರೆ. ದೋಷವಿರುವುದು ಹೋಲಿಕೆಯಲ್ಲಿ.

ಪಥ್ಯದ ಜೊತೆ ವ್ಯಾಯಾಮವನ್ನೂ ಶುರುಮಾಡಿದೆ. ತೂಕ ಇಳಿಯುವ ಬದಲು ಏರಿತು. ಅದು ಸ್ನಾಯುವೇ?

ಮೊದಲ ಎರಡು ವಾರದಲ್ಲಾದರೆ ಅದೂ ನೀರೇ. ಅಭ್ಯಾಸವಿಲ್ಲದ ಸ್ನಾಯುಗಳಿಗೆ ಕೆಲಸ ಕೊಟ್ಟಾಗ ಅವುಗಳಲ್ಲಿ ಸಣ್ಣ ಸಣ್ಣ ಗಾಯಗಳಾಗಿ, ದುರಸ್ತಿಗಾಗಿ ಅಲ್ಲಿ ದ್ರವ ಸೇರುತ್ತದೆ. ಮೈಕೈ ನೋವಿನ ಜೊತೆಗೇ ಈ ತೂಕ ಬರುತ್ತದೆ, ಅದರ ಜೊತೆಗೇ ಹೋಗುತ್ತದೆ. ದುಡಿಯುವ ಸ್ನಾಯು ಗ್ಲೈಕೊಜೆನ್ನನ್ನೂ ಹೆಚ್ಚಾಗಿ ಕೂಡಿಡಲು ಕಲಿಯುತ್ತದೆ. ಸ್ನಾಯುಬಲಕ್ಕೆಂದು ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುವವರಿಗೆ ಇನ್ನೂ ಒಂದೆರಡು ಕೆಜಿ ನೀರು ಸೇರಬಹುದು. ಹೊಸ ಸ್ನಾಯು ಬೆಳೆಯಲು ತಿಂಗಳುಗಳೇ ಬೇಕು.

ಕಡಿಮೆ ನೀರು ಕುಡಿಯುವುದು, ಬೆವರಿಳಿಸುವ ಸೊಂಟದ ಬೆಲ್ಟು, ಭೇದಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳಿಂದ ಪ್ರಯೋಜನವಿದೆಯೇ?

ಕೊಬ್ಬಿನ ಮಟ್ಟಿಗೆ ಎಳ್ಳಷ್ಟೂ ಇಲ್ಲ. ಅಂಥ ಉಪಾಯಗಳಿಂದ ಹೋಗುವುದು ದೇಹಕ್ಕೆ ಬೇಕಾದ ನೀರು, ಸೋಡಿಯಂ ಮತ್ತು ಪೊಟಾಸಿಯಂ. ಪೊಟಾಸಿಯಂ ತೀರ ಕಡಿಮೆಯಾದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ವೈದ್ಯರು ಬರೆದುಕೊಡದೆ ಮೂತ್ರದ ಮಾತ್ರೆ ನುಂಗುವುದು ಪ್ರಾಣಕ್ಕೇ ಅಪಾಯ.

ನೀರಿನ ತೂಕ ಎಷ್ಟು ಬೇಗ ಹೋಗಿ ಎಷ್ಟು ಬೇಗ ಬರುತ್ತದೆ ಎಂಬುದನ್ನು 2024ರ ಆಗಸ್ಟ್‌ನಲ್ಲಿ ಇಡೀ ದೇಶ ನೋವಿನಿಂದ ನೋಡಿತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಅವರು ಬೆಳಿಗ್ಗೆ 50 ಕೆಜಿ ಮಿತಿಯೊಳಗೆ ತೂಗಿ, ಅದೇ ದಿನ ಮೂರು ಕುಸ್ತಿ ಗೆದ್ದರು. ಆ ಸೆಣಸಾಟದ ನಡುವೆ ಬದುಕಲು ಬೇಕಾದಷ್ಟು ಅನ್ನ ನೀರು ತೆಗೆದುಕೊಂಡರೆ ತೂಕ ಏರಲೇಬೇಕು. ರಾತ್ರಿಯಿಡೀ ಬೆವರಿಳಿಸಿದರೂ ಮರುದಿನ ಬೆಳಿಗ್ಗೆ ಮತ್ತೆ ತೂಗಿದಾಗ ಮಿತಿಗಿಂತ 100 ಗ್ರಾಂ ಹೆಚ್ಚಿದ್ದ ಕಾರಣಕ್ಕೆ ಅವರು ಅನರ್ಹರಾದರು. ಪರಿಣತರ ಕಣ್ಗಾವಲಿನಲ್ಲಿದ್ದ ಕ್ರೀಡಾಪಟುವಿನ ದೇಹವೇ ನೀರಿನ ವಿಷಯದಲ್ಲಿ ಹಟ ಹಿಡಿಯುವಾಗ, ಆರೋಗ್ಯಕ್ಕಾಗಿ ತೂಕ ಇಳಿಸುವ ನಾವು ನೀರಿನ ಬೆನ್ನು ಹತ್ತುವುದರಲ್ಲಿ ಅರ್ಥವಿಲ್ಲ. ಬಾಯಾರಿದಾಗ ಕುಡಿಯಿರಿ, ಬೇಸಿಗೆಯಲ್ಲಿ ಇನ್ನಷ್ಟು ಕುಡಿಯಿರಿ. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ಸಾಕು.

ಕೊಬ್ಬು ಕರಗಿದರೆ ಅದು ಹೋಗುವುದಾದರೂ ಎಲ್ಲಿಗೆ? ಬೆವರಿನಲ್ಲೇ?

ಬಹುಪಾಲು ಉಸಿರಿನಲ್ಲಿ. ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ಇದರ ಲೆಕ್ಕವನ್ನು ಪರಮಾಣು ಪರಮಾಣುವಾಗಿ ಬಿಡಿಸಿಟ್ಟರು: 10 ಕೆಜಿ ಕೊಬ್ಬು ಉರಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೊರಹೋಗುತ್ತದೆ, 1.6 ಕೆಜಿ ನೀರಾಗುತ್ತದೆ. ಹಾಗೆಂದು ಜೋರಾಗಿ ಉಸಿರಾಡಿದರೆ ಕೊಬ್ಬು ಹೋಗುವುದಿಲ್ಲ. ಕೋಶಗಳಲ್ಲಿ ಅದು ಮೊದಲು ಉರಿಯಬೇಕು. ಬಟ್ಟೆ ತೊಯ್ಯುವಷ್ಟು ಬೆವರಿದ್ದಕ್ಕೂ ಕೊಬ್ಬು ಕರಗಿದ್ದಕ್ಕೂ ನೇರ ಸಂಬಂಧವಿಲ್ಲ.

ಹಾಗಾದರೆ ತೂಕವನ್ನು ಯಾವಾಗ, ಹೇಗೆ ನೋಡಬೇಕು?

ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು, ಹೆಚ್ಚುಕಡಿಮೆ ಒಂದೇ ಬಗೆಯ ಉಡುಪಿನಲ್ಲಿ ನೋಡಿ. ಯಂತ್ರವನ್ನು ಚಾಪೆ ಕಂಬಳಿಗಳ ಮೇಲಿಡದೆ ಗಟ್ಟಿ ನೆಲದ ಮೇಲೆ, ದಿನವೂ ಅದೇ ಜಾಗದಲ್ಲಿಡಿ. ದಿನವೂ ನೋಡುವುದಾದರೆ ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ದಿನದ ಅಂಕಿ ಮನಸ್ಸನ್ನು ಕೆಡಿಸುವ ಸ್ವಭಾವ ನಿಮ್ಮದಾದರೆ ವಾರಕ್ಕೆರಡು ದಿನ ನೋಡಿದರೂ ನಡೆದೀತು. ನಾನು ಎಣಿಕೆಯನ್ನು ಎರಡನೆಯ ವಾರದ ಸರಾಸರಿಯಿಂದ ಶುರುಮಾಡಲು ಹೇಳುತ್ತೇನೆ. ಮೊದಲ ವಾರದ್ದನ್ನು ಲೆಕ್ಕದಿಂದಲೇ ಹೊರಗಿಟ್ಟರೆ ಮುಂದೆ ಬೇಸರಕ್ಕೆ ಅವಕಾಶವಿರುವುದಿಲ್ಲ.

ತೂಕಕ್ಕಿಂತಲೂ ನಂಬಿಕೆಗೆ ಯೋಗ್ಯವಾದದ್ದು ದರ್ಜಿಯ ಟೇಪು. ಉಸಿರು ಬಿಟ್ಟ ಸ್ಥಿತಿಯಲ್ಲಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯದಲ್ಲಿ ಟೇಪು ಸುತ್ತಿ ಎರಡು ವಾರಕ್ಕೊಮ್ಮೆ ಬರೆದಿಡಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಎಚ್ಚರಿಕೆ ಬೇಕು ಎನ್ನುತ್ತಾರೆ. ನಮ್ಮಲ್ಲಿ ಹೊಟ್ಟೆಯೊಳಗಿನ ಕೊಬ್ಬೇ ಸಕ್ಕರೆ ಕಾಯಿಲೆಗೆ ದಾರಿ ಮಾಡುವುದು ಹೆಚ್ಚು. ಹಳೆಯ ಪ್ಯಾಂಟು, ರವಿಕೆಯ ಕೊಕ್ಕೆ, ಬೆಲ್ಟಿನ ತೂತು ಇವೂ ಟೇಪಿನ ಕೆಲಸವನ್ನೇ ಮಾಡುತ್ತವೆ.

ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರ ಕೊಂಡರೆ ನೀರು ಯಾವುದು, ಕೊಬ್ಬು ಯಾವುದು ಎಂದು ತಿಳಿಯುವುದಿಲ್ಲವೇ?

ಮನೆಯಲ್ಲಿ ಬಳಸುವ ಆ ಯಂತ್ರಗಳು ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ದೇಹ ಒಡ್ಡುವ ತಡೆಯನ್ನು ನೋಡಿ ಕೊಬ್ಬನ್ನು ಅಂದಾಜು ಮಾಡುತ್ತವೆ. ವಿದ್ಯುತ್ ಹರಿಯುವುದೇ ನೀರಿನ ಮೂಲಕವಾದ್ದರಿಂದ, ನೀರು ಏರುಪೇರಾದರೆ ಕೊಬ್ಬಿನ ಅಂಕಿಯೂ ಏರುಪೇರಾಗುತ್ತದೆ. ಒಂದು ದಿನ ಬಾಯಾರಿಕೊಂಡು ಇದ್ದರೆ ಕೊಬ್ಬು ಹೆಚ್ಚಿದಂತೆಯೇ ತೋರಿಸಬಹುದು. ತಿಂಗಳುಗಳ ದಿಕ್ಕು ನೋಡಲು ಅದು ಉಪಯುಕ್ತ. ನಿಖರತೆ ಬೇಕಾದವರಿಗೆ ಕ್ಷ-ಕಿರಣದಿಂದ ಕೊಬ್ಬನ್ನು ಅಳೆಯುವ ಡೆಕ್ಸಾ ಸ್ಕ್ಯಾನ್ ಇದೆ. ಸಾಮಾನ್ಯರಿಗೆ ಅದರ ಖರ್ಚು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ನೀರೂ ಅಲ್ಲದ, ಕೊಬ್ಬೂ ಅಲ್ಲದ ಸ್ನಾಯುವೂ ಕರಗುತ್ತದೆ ಎನ್ನುತ್ತಾರಲ್ಲ?

ಕರಗುತ್ತದೆ, ಮತ್ತು ಚಿಂತಿಸಬೇಕಾದ ನಷ್ಟ ಇದೇ. ಹೋದ ನೀರು ಎರಡು ದಿನದಲ್ಲಿ ಬರುತ್ತದೆ. ಐವತ್ತು ದಾಟಿದ ಮೇಲೆ ಕಳೆದುಕೊಂಡ ಸ್ನಾಯುವನ್ನು ಮರಳಿ ಕಟ್ಟುವುದು ಬಹಳ ಕಷ್ಟ. ಕ್ಯಾಲೊರಿಯನ್ನು ವಿಪರೀತ ಕಡಿಮೆ ಮಾಡಿ, ಗಂಜಿ ಮಜ್ಜಿಗೆಯಲ್ಲೇ ದಿನ ದೂಡುವವರಿಗೆ ಈ ನಷ್ಟ ಹೆಚ್ಚು. ಪಥ್ಯದ ದಿನಗಳಲ್ಲಿ ಕೆಜಿ ತೂಕಕ್ಕೆ ಒಂದರಿಂದ ಒಂದೂಕಾಲು ಗ್ರಾಂ ಪ್ರೋಟೀನ್ ಸಿಗುವಂತೆ ನೋಡಿಕೊಳ್ಳಬೇಕು. ನಮ್ಮ ಊಟದಲ್ಲಿ ತಿಳಿಸಾರನ್ನು ಗಟ್ಟಿ ಬೇಳೆ ಹುಳಿಯಾಗಿಸಿ, ಹುರುಳಿ, ಅಲಸಂದೆ, ಕಡಲೆಕಾಳು, ಸೋಯಾ, ಮೊಸರು, ಪನೀರ್, ತಿನ್ನುವವರು ಮೊಟ್ಟೆ ಮೀನು ಸೇರಿಸಿಕೊಂಡರೆ ಇದು ಸಾಧ್ಯ. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ವಾರಕ್ಕೆ ಎರಡು ಮೂರು ದಿನವಾದರೂ ಭಾರ ಎತ್ತುವ, ಬಸ್ಕಿ ಹೊಡೆಯುವಂಥ ಕೆಲಸ ಸ್ನಾಯುವಿಗೆ ಸಿಗಬೇಕು.

ಏಕಾದಶಿ ಉಪವಾಸದಲ್ಲೋ ರಂಜಾನ್ ಉಪವಾಸದಲ್ಲೋ ಇಳಿಯುವ ತೂಕ ಯಾವ ಬಗೆಯದು?

ಒಂದು ದಿನದ ನಿರಾಹಾರದಿಂದ ಒಂದು ಕೆಜಿ ಇಳಿದರೆ ಅದರಲ್ಲಿ ಕೊಬ್ಬು ಇನ್ನೂರು ಗ್ರಾಂ ಆಸುಪಾಸು. ಮಿಕ್ಕದ್ದು ದ್ವಾದಶಿಯ ಪಾರಣೆಯೊಂದಿಗೆ ಮರಳುತ್ತದೆ. ರಂಜಾನಿನಲ್ಲಿ ಹಗಲಿಡೀ ನೀರೂ ಇಲ್ಲದಿರುವುದರಿಂದ ಸಂಜೆಯ ತೂಕಕ್ಕೆ ಯಾವ ಅರ್ಥವೂ ಇಲ್ಲ. ಸಬ್ಬಕ್ಕಿ, ಆಲೂಗಡ್ಡೆ, ಕರಿದ ಫಲಾಹಾರ ಅಥವಾ ಇಫ್ತಾರಿನ ಸಮೋಸ ಹೆಚ್ಚಾದರೆ ಕೊಬ್ಬಿನ ಇಳಿಕೆಯೂ ಇರುವುದಿಲ್ಲ.

ಪಥ್ಯದ ಮೊದಲ ವಾರ ತಲೆನೋವು, ಸುಸ್ತು, ಎದ್ದು ನಿಂತರೆ ತಲೆಸುತ್ತು. ಏಕೆ? ಯಾರು ಮೊದಲೇ ವೈದ್ಯರನ್ನು ಕಾಣಬೇಕು?

ನೀರಿನ ಜೊತೆ ಉಪ್ಪೂ ಬೇಗನೆ ಹೊರಹೋದುದರ ಪರಿಣಾಮ ಇದು. ರಕ್ತದೊತ್ತಡದ ತೊಂದರೆ ಇಲ್ಲದವರಿಗೆ ಉಪ್ಪು ಹಾಕಿದ ಮಜ್ಜಿಗೆ, ತಿಳಿಸಾರು ಸಾಕಾಗುತ್ತದೆ. ನಾಲ್ಕೈದು ದಿನದಲ್ಲಿ ಸರಿಹೋಗುತ್ತದೆ.

ಆದರೆ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದೇ ನೀರಿನ ಇಳಿಕೆ ಒತ್ತಡವನ್ನು ಅತಿಯಾಗಿ ತಗ್ಗಿಸಬಹುದು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ಪ್ರಮಾಣ ಬದಲಿಸದೆ ಅನ್ನ ಮುದ್ದೆ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಕಾರ್ಬೋಹೈಡ್ರೇಟನ್ನು ತೀರ ಕಡಿಮೆ ಮಾಡಿದರೆ, ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಎಂಬ ಗಂಭೀರ ಸ್ಥಿತಿ ಬರಬಹುದು. ಇವರೆಲ್ಲರೂ, ಗರ್ಭಿಣಿಯರೂ, ಎದೆಹಾಲುಣಿಸುವ ತಾಯಂದಿರೂ ಪಥ್ಯಕ್ಕೆ ಮೊದಲು ವೈದ್ಯರೊಂದಿಗೆ ಮಾತನಾಡಲೇಬೇಕು.

ಎಲ್ಲ ನೀರಿನ ತೂಕವೂ ನಿರುಪದ್ರವಿಯಲ್ಲ. ಎರಡು ಮೂರು ದಿನದಲ್ಲಿ ಎರಡು ಕೆಜಿಗಿಂತ ಹೆಚ್ಚು ಏರಿ, ಕಾಲು ಒತ್ತಿದರೆ ಗುಳಿ ಬೀಳುವಂತಿದ್ದು, ಮಲಗಿದರೆ ಉಸಿರುಕಟ್ಟುವಂತಾದರೆ ಅದು ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಪಥ್ಯವನ್ನೇ ಮಾಡದೆ ತೂಕ ಇಳಿಯುತ್ತಿದ್ದು, ವಿಪರೀತ ಬಾಯಾರಿಕೆ ಮತ್ತು ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಜೊತೆಗಿದ್ದರೆ, ತಡಮಾಡದೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.